ನಾಡಿಲ್ಲದವರ ರಾಯಭಾರಿ

1952ರ ಸೆಪ್ಟೆಂಬರ್ 10ರ ಬೆಳಗ್ಗೆ ಲಕ್ಸೆಂಬರ್ಗ್ ನಗರದ ಪುರಭವನದಲ್ಲಿ ಕೆಲವೇ ಮಂದಿ ಸೇರಿದ್ದರು. ಪಶ್ಚಿಮ ಜರ್ಮನಿಯ ಪರವಾಗಿ ಚಾನ್ಸಲರ್ ಕೊನ್ರಾಡ್ ಆಡೆನೌವರ್ ಬಂದಿದ್ದರು, ಇಸ್ರೇಲಿನ ಪರವಾಗಿ ವಿದೇಶಾಂಗ ಸಚಿವ ಮೋಶೆ ಶಾರೆಟ್. ಕಾಗದಗಳಿಗೆ ಸಹಿಯಾಯಿತು. ಒಬ್ಬರೂ ಭಾಷಣ ಮಾಡಲಿಲ್ಲ. ಸಾಮಾನ್ಯವಾಗಿ ಇಂಥ ಸಂದರ್ಭಗಳಲ್ಲಿ ಕೇಳಿಬರುವ ಸ್ನೇಹದ, ಶುಭಾಶಯದ ಮಾತುಗಳಾವುವೂ ಅಲ್ಲಿ ಹುಟ್ಟುವಂತಿರಲಿಲ್ಲ. ಅರುವತ್ತು ಲಕ್ಷ ಯಹೂದಿಗಳ ಹತ್ಯೆಯಾದ ಏಳೇ ವರ್ಷಗಳ ಬಳಿಕ, ಕೊಂದ ರಾಜ್ಯದ ಉತ್ತರಾಧಿಕಾರಿಯೂ ಸತ್ತವರ ಬಂಧುಗಳೂ ಒಂದೇ ಕೋಣೆಯಲ್ಲಿದ್ದರು. ಆ ಮೌನವೇ ಅಲ್ಲಿ ಸಾಧ್ಯವಿದ್ದ ಏಕೈಕ ಸಭ್ಯತೆಯಾಗಿತ್ತೆಂದು ನಮಗೆ ತೋರುತ್ತದೆ.

ಆ ಕೋಣೆಯಲ್ಲಿ ಸಹಿ ಹಾಕಿದ ಮೂರನೆಯವರೊಬ್ಬರಿದ್ದರು. ಅವರು ಯಾವ ದೇಶದ ಮಂತ್ರಿಯೂ ಅಲ್ಲ, ರಾಯಭಾರಿಯೂ ಅಲ್ಲ. ಅವರ ಹಿಂದೆ ಸೇನೆಯಿರಲಿಲ್ಲ, ಖಜಾನೆಯಿರಲಿಲ್ಲ, ಮತ ಹಾಕಿ ಕಳುಹಿಸಿದ ಪ್ರಜೆಗಳಿರಲಿಲ್ಲ. ಜಗತ್ತಿನಾದ್ಯಂತ ಚದುರಿಹೋದ ಯಹೂದಿ ಸಂಸ್ಥೆಗಳ ಒಕ್ಕೂಟವೊಂದರ ಪರವಾಗಿ ಅವರು ಸಹಿ ಮಾಡಿದರು. ಜರ್ಮನಿಯ ಚಾನ್ಸಲರ್ ಆ ಸಹಿಯನ್ನು ಒಪ್ಪಿಕೊಂಡರು. ಅವರ ಹೆಸರು ನಾಹುಮ್ ಗೋಲ್ಡ್‌ಮನ್. ನಾಡಿಲ್ಲದ ಒಬ್ಬ ಮನುಷ್ಯ ನಾಡುಗಳೊಡನೆ ಸರಿಸಮನಾಗಿ ಕುಳಿತು ಮಾತನಾಡುವ ಅಧಿಕಾರವನ್ನು ಎಲ್ಲಿಂದ ಪಡೆದ, ಆ ಅಧಿಕಾರ ಎಲ್ಲಿಯವರೆಗೆ ನಡೆಯಿತು, ಎಲ್ಲಿ ನಿಂತಿತು ಎಂಬುದೇ ಈ ಬರಹದ ವಿಚಾರ.

ಗೋಲ್ಡ್‌ಮನ್ ಹುಟ್ಟಿದ್ದು 1895ರ ಜುಲೈ 10ರಂದು, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಬೆಲರೂಸಿನಲ್ಲಿರುವ ವಿಶ್ನೇವೊ ಎಂಬ ಸಣ್ಣ ಊರಿನಲ್ಲಿ. ತಂದೆತಾಯಿಯರು ಜರ್ಮನಿಗೆ ಹೋದಾಗ ಮಗು ಅಜ್ಜನ ಮನೆಯಲ್ಲಿ ಉಳಿಯಿತು. ಆರರ ವಯಸ್ಸಿನ ಸುಮಾರಿಗೆ ಫ್ರಾಂಕ್‌ಫರ್ಟ್ ಸೇರಿತು. ಪೂರ್ವ ಯೂರೋಪಿನ ಯಹೂದಿ ಹಳ್ಳಿಯ ಯಿಡ್ಡಿಷ್ ಮಾತು, ಪ್ರಾರ್ಥನೆ, ಹಬ್ಬಗಳ ಬದುಕು ಒಂದು ಕಡೆ. ಜರ್ಮನ್ ವಿಶ್ವವಿದ್ಯಾನಿಲಯಗಳ ತತ್ತ್ವಶಾಸ್ತ್ರ, ಕಾನೂನು, ಸಂಗೀತ ಇನ್ನೊಂದು ಕಡೆ. ಈ ಎರಡೂ ಅವರಲ್ಲಿ ಕೊನೆಯತನಕ ಜಗಳವಾಡದೆ ಬಾಳಿದವು. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಜರ್ಮನಿಯ ವಿದೇಶಾಂಗ ಇಲಾಖೆಯ ಯಹೂದಿ ವಿಭಾಗದಲ್ಲಿ ಕೆಲಸ ಮಾಡಿದರು. ಸರಕಾರಗಳು ಹೇಗೆ ಯೋಚಿಸುತ್ತವೆ, ಹೇಗೆ ಯೋಚಿಸದೆ ಕಾಲ ತಳ್ಳುತ್ತವೆ ಎಂಬ ಪಾಠ ಅಲ್ಲಿಯೇ ಆರಂಭವಾಗಿರಬೇಕು.

ಯುದ್ಧದ ನಂತರ ಅವರು ಕೈಹಾಕಿದ್ದು ರಾಜಕಾರಣಕ್ಕಿಂತ ಹೆಚ್ಚಾಗಿ ಪುಸ್ತಕಕ್ಕೆ. ವಿದ್ವಾಂಸ ಯಾಕೋಬ್ ಕ್ಲಾಟ್ಸ್‌ಕಿನ್ ಅವರೊಂದಿಗೆ ಬರ್ಲಿನ್ನಿನಲ್ಲಿ ಪ್ರಕಾಶನವೊಂದನ್ನು ಕಟ್ಟಿ, ಜರ್ಮನ್ ಭಾಷೆಯಲ್ಲಿ ಯಹೂದಿ ವಿಶ್ವಕೋಶವೊಂದನ್ನು ಹೊರತರತೊಡಗಿದರು. 1928ರಿಂದ 1934ರವರೆಗೆ ಹತ್ತು ಸಂಪುಟಗಳು ಬಂದವು. ಅಕ್ಷರಮಾಲೆಯಲ್ಲಿ ‘ಎಲ್’ ಅಕ್ಷರದವರೆಗೆ ಬಂದ ಕೆಲಸ ಅಲ್ಲಿಯೇ ನಿಂತಿತು. ಹಿಟ್ಲರ್ ಅಧಿಕಾರಕ್ಕೆ ಬಂದಾಗಿತ್ತು. ಒಂದು ಜನಾಂಗದ ಸಮಗ್ರ ಜ್ಞಾನವನ್ನು ಒಟ್ಟುಗೂಡಿಸುವ ಪ್ರಯತ್ನವು ಅಕ್ಷರಮಾಲೆಯ ನಡುವೆ ತುಂಡಾದದ್ದು ಆ ಕಾಲದ ಜರ್ಮನಿಯ ಕುರಿತು ಬಹಳಷ್ಟನ್ನು ಹೇಳುತ್ತದೆ. ಆ ಕನಸು ಬೇರೊಂದು ಭಾಷೆಯಲ್ಲಿ, ಬೇರೊಂದು ಊರಿನಲ್ಲಿ ಮರಳಿ ಜೀವ ಪಡೆದದ್ದು 1971–72ರಲ್ಲಿ, ಜೆರುಸಲೇಮಿನಿಂದ ಇಂಗ್ಲಿಷಿನಲ್ಲಿ ಹದಿನಾರು ಸಂಪುಟಗಳು ಬಂದಾಗ.

1933ರಲ್ಲಿ ತಂದೆಯ ಮರಣದ ನಿಮಿತ್ತ ಪ್ಯಾಲೆಸ್ಟೈನಿಗೆ ಹೋಗಿದ್ದುದರಿಂದ ಗೋಲ್ಡ್‌ಮನ್ ನಾಜಿ ಪೊಲೀಸರ ಕೈಯಿಂದ ತಪ್ಪಿಸಿಕೊಂಡರು. 1935ರಲ್ಲಿ ಅವರ ಜರ್ಮನ್ ಪೌರತ್ವ ರದ್ದಾಯಿತು. ಆಮೇಲೆ ಅವರು ಸಂಚರಿಸಿದ್ದು ಮಧ್ಯ ಅಮೆರಿಕದ ಹೊಂಡುರಾಸ್ ಎಂಬ ಪುಟ್ಟ ದೇಶದ ಪಾಸ್‌ಪೋರ್ಟಿನ ಮೇಲೆ. ಮುಂದೆ ಇಸ್ರೇಲಿನ ಪೌರತ್ವವೂ ಸ್ವಿಟ್ಜರ್ಲೆಂಡಿನ ಪೌರತ್ವವೂ ಅವರಿಗೆ ದೊರೆತವು. ಪಾಸ್‌ಪೋರ್ಟು ಬದಲಾದಾಗಲೆಲ್ಲ ಮನುಷ್ಯ ಬದಲಾಗುವುದಿಲ್ಲ ಎಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಈ ಹೊತ್ತಿಗೆ ಅವರ ಕಾರ್ಯಕ್ಷೇತ್ರ ಜಿನೀವಾಕ್ಕೆ ಬದಲಾಗಿತ್ತು. ಅಲ್ಲಿನ ರಾಷ್ಟ್ರಸಂಘದಲ್ಲಿ ಅವರು ಯಹೂದಿ ಏಜೆನ್ಸಿಯ ಪ್ರತಿನಿಧಿಯಾದರು. ಅದಕ್ಕೂ ಮೊದಲು, 1934ರ ನವೆಂಬರಿನಲ್ಲಿ, ರೋಮಿಗೆ ಹೋಗಿ ಮುಸ್ಸೊಲಿನಿಯನ್ನು ಕಂಡಿದ್ದರು. ಸಾರ್ ಪ್ರಾಂತ್ಯ ಮತದಾನದ ಮೂಲಕ ಜರ್ಮನಿಗೆ ಸೇರುವ ಸಂಭವವಿತ್ತು; ಸೇರಿದರೆ ಅಲ್ಲಿಯ ಯಹೂದಿಗಳು ತಮ್ಮ ಆಸ್ತಿಯೊಡನೆ ಹೊರಹೋಗಲು ಅವಕಾಶವಿರಬೇಕೆಂಬುದು ಅವರ ಬೇಡಿಕೆ. ಆ ಅವಕಾಶ ದೊರೆಯಿತು. ಸರ್ವಾಧಿಕಾರಿಯ ಎದುರು ಕುಳಿತು ಮಾತನಾಡಬಹುದೇ ಎಂಬ ಪ್ರಶ್ನೆಗೆ ಗೋಲ್ಡ್‌ಮನ್ನರ ಉತ್ತರ ಅಂದೂ ಒಂದೇ, ಹದಿನೇಳು ವರ್ಷಗಳ ಬಳಿಕ ಜರ್ಮನಿಯ ವಿಷಯದಲ್ಲಿಯೂ ಅದೇ: ಜೀವಂತ ಮನುಷ್ಯರಿಗೆ ಪ್ರಯೋಜನವಾಗುವುದಾದರೆ ಯಾರೊಡನೆಯಾದರೂ ಮಾತನಾಡಬೇಕು.

1936ರ ಆಗಸ್ಟಿನಲ್ಲಿ ಜಿನೀವಾದಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ ವಿಶ್ವ ಯಹೂದಿ ಕಾಂಗ್ರೆಸ್ಸನ್ನು ಸ್ಥಾಪಿಸಿದರು. ಅಮೆರಿಕದ ಧರ್ಮಗುರು ಸ್ಟೀಫನ್ ವೈಸ್ ಮತ್ತು ಗೋಲ್ಡ್‌ಮನ್ ಅದರ ಮುಖ್ಯ ಶಿಲ್ಪಿಗಳು. ಬೇರೆ ಬೇರೆ ದೇಶಗಳ ಪ್ರಜೆಗಳಾದ ಯಹೂದಿಗಳು ಒಂದೇ ಧ್ವನಿಯಲ್ಲಿ ಮಾತನಾಡುವುದು ಅಪಾಯಕಾರಿ, ಅದರಿಂದ ಅವರ ದೇಶನಿಷ್ಠೆಯ ಮೇಲೆ ಸಂಶಯ ಬರುತ್ತದೆ ಎಂದು ಹಲವು ಯಹೂದಿ ಸಂಸ್ಥೆಗಳೇ ಇದನ್ನು ವಿರೋಧಿಸಿದವು. ಸಂಶಯಪಡುವವರು ಮೌನವನ್ನೂ ಸಂಶಯಿಸುತ್ತಾರೆ ಎಂಬುದು ಜರ್ಮನಿಯಲ್ಲಿ ಆಗಲೇ ಸಿದ್ಧವಾಗಿತ್ತು.

ಆದರೆ ಈ ಸಂಸ್ಥೆ ಎದುರಿಸಿದ ಮೊದಲ ಮಹಾಪರೀಕ್ಷೆಯಲ್ಲಿ ಗೆಲ್ಲಲಿಲ್ಲ. 1942ರ ಆಗಸ್ಟಿನಲ್ಲಿ ಕಾಂಗ್ರೆಸ್ಸಿನ ಜಿನೀವಾ ಪ್ರತಿನಿಧಿ ಗೆರ್ಹಾರ್ಟ್ ರೀಗ್ನರ್, ಯೂರೋಪಿನ ಯಹೂದಿಗಳನ್ನು ಸಂಪೂರ್ಣವಾಗಿ ನಿರ್ಮೂಲ ಮಾಡುವ ಯೋಜನೆ ಜರ್ಮನಿಯಲ್ಲಿ ಪರಿಶೀಲನೆಯಲ್ಲಿದೆಯೆಂದು ತಂತಿ ಕಳುಹಿಸಿದರು. ಅಮೆರಿಕದ ವಿದೇಶಾಂಗ ಇಲಾಖೆ ಅದನ್ನು ನಂಬಲಿಲ್ಲ. ವೈಸ್ ಅವರಿಗೆ ತಲುಪಿಸಲೂ ಇಲ್ಲ. ಲಂಡನ್ನಿನ ದಾರಿಯಾಗಿ ಸುದ್ದಿ ವೈಸ್ ಅವರನ್ನು ಮುಟ್ಟಿದಾಗ, ಖಚಿತವಾಗುವವರೆಗೆ ಬಹಿರಂಗಪಡಿಸಬೇಡಿರೆಂದು ಇಲಾಖೆ ಕೇಳಿಕೊಂಡಿತು. ನವೆಂಬರ್ 24ರಂದಷ್ಟೇ ಅದು ಬಹಿರಂಗವಾಯಿತು. ನಡುವಿನ ವಾರಗಳಲ್ಲಿ ಎಷ್ಟು ರೈಲುಗಳು ಓಡಿದವು! ಗೋಲ್ಡ್‌ಮನ್ 1940ರಿಂದ ಅಮೆರಿಕದಲ್ಲಿದ್ದರು. ತಮ್ಮ ಪೀಳಿಗೆಯ ನಾಯಕರು, ತಾವೂ ಸೇರಿದಂತೆ, ಆಗ ಸೋತರೆಂದು ಮುಂದೆ ಅವರೇ ಬರೆದರು. ಹಿಂಬಾಗಿಲಿನ ಮಾತುಕತೆಯಲ್ಲಿ ನಂಬಿಕೆಯಿಟ್ಟಿದ್ದ ಅವರು, ಬೀದಿಗಿಳಿದು ಕೂಗಿದ ಕಿರಿಯರನ್ನು ಆಗ ವಿರೋಧಿಸಿದ್ದರೆಂಬುದನ್ನೂ ನಾವು ಮರೆಯಬಾರದು. ಅಂದಿನ ಕೋಣೆಗಳಲ್ಲಿ ಮಾತುಕತೆಗೆ ಕಿವಿಗಳೇ ಇರಲಿಲ್ಲ.

ಯುದ್ಧ ಮುಗಿಯುವ ಮೊದಲೇ, 1944ರ ನವೆಂಬರಿನಲ್ಲಿ, ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಸಮ್ಮೇಳನ ಜರ್ಮನಿಯಿಂದ ಪರಿಹಾರ ಕೇಳಬೇಕೆಂಬ ವಿಚಾರವನ್ನು ಮುಂದಿಟ್ಟಿತು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಪೂರ್ವನಿದರ್ಶನವಿರಲಿಲ್ಲ. ಯುದ್ಧ ಪರಿಹಾರವನ್ನು ಗೆದ್ದ ರಾಷ್ಟ್ರ ಸೋತ ರಾಷ್ಟ್ರದಿಂದ ಪಡೆಯುವುದು ರೂಢಿ. ಇಲ್ಲಿ ಕೇಳುವವರು ರಾಷ್ಟ್ರವಲ್ಲ. ಅಪರಾಧ ನಡೆದಾಗ ಇಸ್ರೇಲ್ ಹುಟ್ಟಿಯೇ ಇರಲಿಲ್ಲ. ಸತ್ತವರಲ್ಲಿ ಅನೇಕರು ಜರ್ಮನಿಯ ಪ್ರಜೆಗಳೇ ಆಗಿದ್ದರು. ಯಾವ ನಿಯಮದಲ್ಲಿಯೂ ಹೊಂದದ ಹಕ್ಕಿದು.

1951ರ ಮಾರ್ಚಿನಲ್ಲಿ ಇಸ್ರೇಲ್ ಸರಕಾರ ಯುದ್ಧ ಗೆದ್ದ ನಾಲ್ಕು ಬಲಾಢ್ಯ ರಾಷ್ಟ್ರಗಳಿಗೆ ಪತ್ರ ಬರೆದು 150 ಕೋಟಿ ಡಾಲರ್ ಪರಿಹಾರ ಕೇಳಿತು. ಲೆಕ್ಕ ಸರಳವಾಗಿತ್ತು: ಐದು ಲಕ್ಷ ನಿರಾಶ್ರಿತರು, ಒಬ್ಬೊಬ್ಬರ ಪುನರ್ವಸತಿಗೆ ಮೂರು ಸಾವಿರ ಡಾಲರ್. ಪ್ರಾಣದ ಬೆಲೆಯನ್ನು ಅವರು ಕಟ್ಟಲಿಲ್ಲ. ಉಳಿದವರಿಗೆ ಸೂರು ಕಟ್ಟುವ ಬೆಲೆಯನ್ನು ಕಟ್ಟಿದರು. ಆ ವರ್ಷ ಸೆಪ್ಟೆಂಬರ್ 27ರಂದು ಆಡೆನೌವರ್ ತಮ್ಮ ಸಂಸತ್ತಿನಲ್ಲಿ, ಜರ್ಮನ್ ಜನರ ಹೆಸರಿನಲ್ಲಿ ಹೇಳಲಾಗದ ಅಪರಾಧಗಳು ನಡೆದುಹೋಗಿವೆ, ಅದಕ್ಕೆ ಪರಿಹಾರ ನೀಡುವುದು ಕರ್ತವ್ಯ ಎಂಬರ್ಥದ ಮಾತನ್ನಾಡಿದರು. ವ್ಯಾಕರಣ ಬಲ್ಲವರು ಈ ವಾಕ್ಯದ ಕರ್ತೃವನ್ನು ಹುಡುಕುತ್ತಾರೆ. ಅಪರಾಧಗಳು ನಡೆದವು, ಯಾರೋ ನಡೆಸಿದರು, ಇನ್ನಾರದೋ ಹೆಸರಿನಲ್ಲಿ. ಆದರೂ ಬಾಗಿಲು ತೆರೆದಿತ್ತು.

ಮರುತಿಂಗಳೇ ನ್ಯೂಯಾರ್ಕಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಹೂದಿ ಸಂಸ್ಥೆಗಳು ಸೇರಿ ಜರ್ಮನಿಯಿಂದ ಪರಿಹಾರ ಪಡೆಯಲೆಂದು ಒಕ್ಕೂಟವೊಂದನ್ನು ರಚಿಸಿದವು, ಗೋಲ್ಡ್‌ಮನ್ ಅಧ್ಯಕ್ಷರಾದರು. ಡಿಸೆಂಬರ್ 6ರಂದು ಲಂಡನ್ನಿನ ಕ್ಲಾರಿಜಸ್ ಹೋಟೆಲಿನಲ್ಲಿ ಅವರು ಆಡೆನೌವರರನ್ನು ಗುಟ್ಟಾಗಿ ಭೇಟಿಯಾದರು. ಈ ಭೇಟಿಗೆ ದಾರಿ ಸಿದ್ಧಗೊಳಿಸಿದವರು ಕಾಂಗ್ರೆಸ್ಸಿನ ಲಂಡನ್ ಮುಖಂಡ ನೋವಾ ಬಾರೂ. ಗೋಲ್ಡ್‌ಮನ್ ಅಂದು ಕೇಳಿದ್ದು ಹಣವನ್ನಲ್ಲ, ಒಂದು ಪತ್ರವನ್ನು. ಪಶ್ಚಿಮ ಜರ್ಮನಿಯ ಪಾಲಿನ ನೂರು ಕೋಟಿ ಡಾಲರ್ ಮೊತ್ತವನ್ನು ಮಾತುಕತೆಯ ಆಧಾರವೆಂದು ಒಪ್ಪಿರುವುದಾಗಿ ಚಾನ್ಸಲರ್ ಬರೆದುಕೊಡಬೇಕು. ಇಲ್ಲವಾದರೆ ಇಸ್ರೇಲಿನಲ್ಲಿ ಮಾತುಕತೆಯ ಮಾತೆತ್ತಲೂ ಸಾಧ್ಯವಿಲ್ಲ. ಆಡೆನೌವರ್ ತಮ್ಮ ಸಚಿವ ಸಂಪುಟವನ್ನು ಕೇಳದೆ ಅದೇ ದಿನ ಪತ್ರ ಕೊಟ್ಟರು. ಕಡತಗಳ ನಡುವೆ ಬದುಕು ಸವೆಸುವ ನಮ್ಮಂಥವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಸಹಾನುಭೂತಿಯನ್ನು ಯಾರು ಬೇಕಾದರೂ ಬಾಯಿಮಾತಿನಲ್ಲಿ ಸೂಚಿಸಬಹುದು. ಸಂಖ್ಯೆಯನ್ನು ಕಾಗದದ ಮೇಲೆ ಬರೆದು ಸಹಿ ಹಾಕಿದವನಿಗೆ ಹಿಂದೆ ಸರಿಯಲು ದಾರಿಯಿಲ್ಲ.

ಇಸ್ರೇಲಿನಲ್ಲಿ ಬೆಂಕಿ ಹತ್ತಿಕೊಂಡಿತು. 1952ರ ಜನವರಿ 7ರಂದು ಜೆರುಸಲೇಮಿನಲ್ಲಿ ಮೆನಾಖೆಮ್ ಬೇಗಿನ್ ಭಾರೀ ಸಭೆಯನ್ನುದ್ದೇಶಿಸಿ ಮಾತನಾಡಿದರು. ಗುಂಪು ಸಂಸತ್ ಭವನದತ್ತ ನುಗ್ಗಿತು. ಕಲ್ಲುಗಳು ಕಿಟಕಿಯ ಗಾಜನ್ನೊಡೆದು ಒಳಗೆ ಬಿದ್ದವು. ಬೇಗಿನ್ನರ ತಂದೆತಾಯಿಯರೂ ಸಹೋದರನೂ ನರಮೇಧದಲ್ಲಿ ಸತ್ತಿದ್ದರು. ರಕ್ತದ ಹಣವನ್ನು ಮುಟ್ಟಬಾರದು, ಮುಟ್ಟಿದರೆ ಕೊಲೆಗಾರರು ಜಗತ್ತಿನ ಮುಂದೆ ಶುದ್ಧರಾಗುತ್ತಾರೆ ಎಂಬ ಅವರ ವಾದವನ್ನು ಕೇವಲ ರಾಜಕೀಯವೆಂದು ತಳ್ಳಿಹಾಕುವುದು ಅನ್ಯಾಯ. ಪ್ರಧಾನಿ ಬೆನ್ ಗುರಿಯೋನ್ ಅವರ ವಾದ ಇನ್ನೊಂದು ಬಗೆಯದು: ಕೊಂದವರೇ ಕೊಲೆಯಾದವರ ಆಸ್ತಿಗೆ ವಾರಸುದಾರರೂ ಆಗಬಾರದು. ಹೊಸ ದೇಶದ ಜನಸಂಖ್ಯೆ ಮೂರೂವರೆ ವರ್ಷಗಳಲ್ಲಿ ಸುಮಾರು ಏಳು ಲಕ್ಷ ವಲಸೆಗಾರರಿಂದ ಉಬ್ಬಿತ್ತು. ಆಹಾರಕ್ಕೆ ಪಡಿತರ, ವಾಸಕ್ಕೆ ಡೇರೆ. ಜನವರಿ 9ರಂದು 61–50 ಮತಗಳಿಂದ ಸಂಸತ್ತು ಸರಕಾರದ ಪರವಾಗಿ ನಿಂತಿತು. ಇಷ್ಟು ಕಡಿಮೆ ಅಂತರ ಸಹಜವೇ. ಎರಡೂ ಪಕ್ಷಗಳ ಹಿಂದೆ ನಿಂತಿದ್ದವರು ಅದೇ ಸತ್ತವರು.

ಮಾರ್ಚಿನಲ್ಲಿ ಹಾಲೆಂಡಿನ ವಾಸೆನಾರ್‌ನಲ್ಲಿ ಮಾತುಕತೆ ಆರಂಭವಾಯಿತು. ಯಹೂದಿ ಪ್ರತಿನಿಧಿಗಳಲ್ಲಿ ಕೆಲವರ ಮಾತೃಭಾಷೆಯೇ ಜರ್ಮನ್. ಆದರೂ ವ್ಯವಹಾರ ನಡೆದದ್ದು ಇಂಗ್ಲಿಷಿನಲ್ಲಿ. ತಾಯಿಯಿಂದ ಕಲಿತ ನುಡಿಯನ್ನು ನಾಲಗೆಯ ತುದಿಯಲ್ಲಿ ತಡೆದು ಹಿಡಿದು ಪರಭಾಷೆಯಲ್ಲಿ ಲೆಕ್ಕ ಒಪ್ಪಿಸುವ ಆ ಸ್ಥಿತಿಯನ್ನು ಊಹಿಸಿಕೊಂಡರೆ ಮನಸ್ಸು ಭಾರವಾಗುತ್ತದೆ. ಆ ದಿನಗಳಲ್ಲಿಯೇ ಆಡೆನೌವರ್ ಹೆಸರಿಗೆ ಬಂದ ಬಾಂಬಿನ ಪೊಟ್ಟಣವೊಂದು ಮ್ಯೂನಿಕ್ಕಿನಲ್ಲಿ ಸಿಡಿದು, ಅದನ್ನು ನಿಷ್ಕ್ರಿಯಗೊಳಿಸಲು ಬಂದಿದ್ದವನು ಸತ್ತ. ಅತ್ತ ಲಂಡನ್ನಿನಲ್ಲಿ ಜರ್ಮನಿಯ ಹಳೆಯ ವಿದೇಶಿ ಸಾಲಗಳ ಕುರಿತು ಇನ್ನೊಂದು ಮಾತುಕತೆ ನಡೆಯುತ್ತಿತ್ತು. ಬ್ಯಾಂಕರ್ ಹೆರ್ಮನ್ ಆಬ್ಸ್ ಯಹೂದಿಗಳ ಬೇಡಿಕೆಯನ್ನೂ ಆ ಸಾಲಗಳ ಸಾಲಿಗೇ ಸೇರಿಸಬೇಕೆಂದರು. ಇದಕ್ಕೊಪ್ಪದೆ ಜರ್ಮನ್ ನಿಯೋಗದ ಫ್ರಾನ್ಜ್ ಬೋಮ್ ಮತ್ತು ಓಟ್ಟೊ ಕ್ಯೂಸ್ಟರ್ ರಾಜೀನಾಮೆಯಿತ್ತರು. ಜರ್ಮನಿಯೆಂದರೆ ಒಂದೇ ಮುಖವಲ್ಲವೆಂಬುದು ಇಲ್ಲಿ ಕಾಣುತ್ತದೆ.

ಗೋಲ್ಡ್‌ಮನ್ ಮೇ ತಿಂಗಳಲ್ಲಿ ಆಡೆನೌವರರಿಗೆ ಬರೆದರು. ಇದು ಸಾಲವಲ್ಲ, ನೈತಿಕ ಹೊಣೆ. ವ್ಯಾಪಾರಿಗಳ ಬಾಕಿಯೊಡನೆ ಇದನ್ನು ತೂಗಬಾರದು ಎಂಬುದು ಅವರ ನಿಲುವಿನ ತಿರುಳು. ಕೆಲ ದಿನಗಳಲ್ಲಿ ಬೋಮ್ ಪ್ಯಾರಿಸ್ಸಿಗೆ ಬಂದು 300 ಕೋಟಿ ಮಾರ್ಕುಗಳ ಪ್ರಸ್ತಾಪವನ್ನು ಅವರ ಮುಂದಿಟ್ಟರು. ಸೆಪ್ಟೆಂಬರಿನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಇಸ್ರೇಲಿಗೆ 300 ಕೋಟಿ ಮಾರ್ಕುಗಳು, ಬಹುಪಾಲು ಸರಕಿನ ರೂಪದಲ್ಲಿ. ಗೋಲ್ಡ್‌ಮನ್ನರ ಒಕ್ಕೂಟಕ್ಕೆ 45 ಕೋಟಿ ಮಾರ್ಕುಗಳು. ಇದರೊಂದಿಗೆ ಬದುಕುಳಿದ ವ್ಯಕ್ತಿಗಳಿಗೆ ಪ್ರತ್ಯೇಕ ಪರಿಹಾರ ಕೊಡುವ ಕಾನೂನು ಮಾಡಲು ಜರ್ಮನಿ ಒಪ್ಪಿತು. 1953ರ ಮಾರ್ಚ್ 18ರಂದು ಜರ್ಮನ್ ಸಂಸತ್ತು 239 ಮತಗಳಿಂದ ಇದನ್ನು ಅಂಗೀಕರಿಸಿತು; ವಿರುದ್ಧ 35, ತಟಸ್ಥ 86. ಉಕ್ಕು, ಯಂತ್ರ, ಹಡಗು, ರೈಲಿನ ಸಾಮಗ್ರಿ ಇಸ್ರೇಲಿಗೆ ಹರಿದವು. ವೃದ್ಧಾಪ್ಯದಲ್ಲಿ ಒಂಟಿಯಾದ ಲಕ್ಷಾಂತರ ಜನರಿಗೆ ತಿಂಗಳ ಪಿಂಚಣಿಯ ಆಸರೆಯಾಯಿತು.

ಈ ಒಪ್ಪಂದದಿಂದ ಕ್ಷಮೆ ದೊರೆತಿತೆ? ಗೋಲ್ಡ್‌ಮನ್ ಹಾಗೆ ಹೇಳಲಿಲ್ಲ. ಕದ್ದ ವಸ್ತುವನ್ನು ಮರಳಿಸುವುದು ಬೇರೆ, ಕೊಲೆಯನ್ನು ಮನ್ನಿಸುವುದು ಬೇರೆ. ಮೊದಲನೆಯದನ್ನು ಬದುಕಿರುವವರು ಪಡೆಯಬಹುದು. ಎರಡನೆಯದನ್ನು ಕೊಡುವ ಹಕ್ಕುಳ್ಳವರು ಬೂದಿಯಾಗಿದ್ದರು. ಈ ಗೆರೆಯನ್ನು ಅವರು ದಾಟದೆ ಉಳಿಸಿಕೊಂಡರು. ಅವರ ಅಧಿಕಾರದ ಗುಟ್ಟೂ ಬಹುಶಃ ಇಲ್ಲಿಯೇ ಇತ್ತು: ತಮಗೆ ಸೇರದ್ದನ್ನು ಅವರು ಮಾರಲಿಲ್ಲ.

ಇದರ ಮುಂದಿನ ಕಥೆಯಲ್ಲಿ ಒಂದು ವ್ಯಂಗ್ಯವಿದೆ. ಸ್ಟೀಫನ್ ವೈಸ್ ಅವರ ನಂತರ ಗೋಲ್ಡ್‌ಮನ್ ವಿಶ್ವ ಯಹೂದಿ ಕಾಂಗ್ರೆಸ್ಸಿನ ಚುಕ್ಕಾಣಿ ಹಿಡಿದು 1977ರವರೆಗೆ ನಡೆಸಿದರು. 1956ರಿಂದ 1968ರವರೆಗೆ ವಿಶ್ವ ಜಿಯೋನಿಸ್ಟ್ ಸಂಘಟನೆಗೂ ಅಧ್ಯಕ್ಷರಾಗಿದ್ದರು. ಆದರೆ ಅವರು ತಂದುಕೊಟ್ಟ ಸಂಪತ್ತಿನಿಂದ ಬಲಗೊಂಡ ರಾಜ್ಯ ಅವರ ಮಾತನ್ನು ಕೇಳುವುದನ್ನು ಕ್ರಮೇಣ ನಿಲ್ಲಿಸಿತು. ನಿಜವಾದ ಜಿಯೋನಿಸ್ಟ್ ಇಸ್ರೇಲಿನಲ್ಲಿ ನೆಲೆಸಬೇಕೆಂದರು ಬೆನ್ ಗುರಿಯೋನ್. ನ್ಯೂಯಾರ್ಕ್, ಪ್ಯಾರಿಸ್, ಜೆರುಸಲೇಮ್‌ಗಳ ನಡುವೆ ಓಡಾಡುತ್ತಿದ್ದ ಗೋಲ್ಡ್‌ಮನ್ ಒಪ್ಪಲಿಲ್ಲ. 1960ರಲ್ಲಿ ಐಕ್‌ಮನ್ ಸೆರೆಯಾದಾಗ, ವಿಚಾರಣೆಯಲ್ಲಿ ಬೇರೆ ದೇಶಗಳ ನ್ಯಾಯಾಧೀಶರೂ ಇರಲೆಂದು ಸೂಚಿಸಿ ಬೆನ್ ಗುರಿಯೋನರ ಕೋಪಕ್ಕೆ ಗುರಿಯಾದರು. 1970ರ ಏಪ್ರಿಲಿನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರರನ್ನು ಭೇಟಿಯಾಗಲು ಅವಕಾಶ ಒದಗಿದಾಗ ಗೋಲ್ಡಾ ಮೇಯರ್ ಸರಕಾರ ಅನುಮತಿ ಕೊಡಲಿಲ್ಲ. ಸೇನೆಗೆ ಸೇರಬೇಕಾಗಿದ್ದ ಐವತ್ತಕ್ಕೂ ಹೆಚ್ಚು ಶಾಲಾ ವಿದ್ಯಾರ್ಥಿಗಳು ಪ್ರಧಾನಿಗೆ ಪತ್ರ ಬರೆದು, ಶಾಂತಿಯ ಅವಕಾಶವನ್ನು ಕೈಬಿಟ್ಟ ಸರಕಾರಕ್ಕಾಗಿ ತಾವು ಹೇಗೆ ಹೋರಾಡಬಲ್ಲೆವೆಂದು ಕೇಳಿದರು.

ಅವರು ಎಲ್ಲದರಲ್ಲಿಯೂ ಸರಿಯಿದ್ದರೆಂದು ನಾವು ಹೇಳುತ್ತಿಲ್ಲ. ಸೋವಿಯತ್ ಯಹೂದಿಗಳ ವಿಷಯದಲ್ಲಿಯೂ ಬಹಿರಂಗ ಪ್ರತಿಭಟನೆಗಿಂತ ಮೌನ ರಾಜತಂತ್ರವೇ ಲೇಸೆಂದರು. ಯುದ್ಧಕಾಲದ ಪಾಠ ಅವರಿಗೆ ತಿಳಿಯಲಿಲ್ಲವೆಂದು ವಿರೋಧಿಗಳು ಹೇಳಿದ್ದರಲ್ಲಿ ಹುರುಳಿದೆ. ಆದರೆ ಅಪ್ರಿಯವಾದುದನ್ನು ತನ್ನವರಿಗೇ ಹೇಳುವ ಧೈರ್ಯ ಅವರನ್ನು ಬಿಟ್ಟುಹೋಗಲಿಲ್ಲ. 1982ರಲ್ಲಿ ಲೆಬನಾನಿನಲ್ಲಿ ಯುದ್ಧ ನಡೆಯುತ್ತಿದ್ದಾಗ, ಎಂಬತ್ತೇಳರ ಹೊಸ್ತಿಲಲ್ಲಿದ್ದ ಅವರು ಪಿಯೇರ್ ಮೆಂಡೆಸ್ ಫ್ರಾನ್ಸ್ ಮತ್ತು ಫಿಲಿಪ್ ಕ್ಲಟ್ಸ್‌ನಿಕ್ ಅವರೊಡನೆ ಸೇರಿ, ಇಸ್ರೇಲಿಗರೂ ಪ್ಯಾಲೆಸ್ಟೈನಿಯರೂ ಪರಸ್ಪರ ಮಾನ್ಯತೆ ನೀಡಬೇಕೆಂದು ಕರೆಕೊಟ್ಟರು. ಆ ವರ್ಷ ಆಗಸ್ಟ್ 29ರಂದು ಜರ್ಮನಿಯ ಬಾದ್ ರೈಖೆನ್‌ಹಾಲ್‌ನಲ್ಲಿ ತೀರಿಕೊಂಡರು. ಪೌರತ್ವ ಕಿತ್ತುಕೊಂಡಿದ್ದ ದೇಶದಲ್ಲಿ ಕೊನೆಯುಸಿರು, ಜೆರುಸಲೇಮಿನ ಹರ್ಜ್ಲ್ ಬೆಟ್ಟದಲ್ಲಿ ಸಮಾಧಿ. ಆಗ ಇಸ್ರೇಲಿನ ಪ್ರಧಾನಿಯಾಗಿದ್ದವರು, ಮೂವತ್ತು ವರ್ಷಗಳ ಹಿಂದೆ ಆ ಒಪ್ಪಂದವನ್ನು ಬೀದಿಯಲ್ಲಿ ನಿಂತು ವಿರೋಧಿಸಿದ್ದ ಅದೇ ಬೇಗಿನ್.

ಪುಣೆಯ ಲಾಲ್ ದೇವಳದ ಕೆಂಪು ಗೋಪುರವನ್ನೋ ಮುಂಬಯಿಯ ಸಸೂನ್ ಗ್ರಂಥಾಲಯವನ್ನೋ ದಾಟಿ ಹೋಗುವ ಓದುಗರಿಗೆ ಯಹೂದಿಗಳು ತೀರ ಅಪರಿಚಿತರಲ್ಲ. ಆದರೆ ಹೊರನಾಡಿನ ಕನ್ನಡಿಗರ ಬದುಕನ್ನು ಅವರ ಚದುರುವಿಕೆಯೊಡನೆ ಹೋಲಿಸುವುದು ಸಲ್ಲದು. ನಾವು ಕೆಲಸಕ್ಕಾಗಿ ಬಂದವರು. ಬೇಕೆಂದಾಗ ಊರಿಗೆ ರೈಲು ಹತ್ತಬಲ್ಲವರು. ಆದರೂ ಗೋಲ್ಡ್‌ಮನ್ನರ ಒಂದು ಆತಂಕ ನಮಗೂ ಅರ್ಥವಾಗುತ್ತದೆ. ಹಿಂಸೆಯ ನಡುವೆ ಉಳಿದ ಜನ ಸ್ವಾತಂತ್ರ್ಯದ ನಡುವೆ ಕರಗಿಹೋಗಬಹುದು, ಆದ್ದರಿಂದ ತಾಯ್ನಾಡಿನಷ್ಟೇ ಹೊರನಾಡಿನ ಶಾಲೆಗಳನ್ನೂ ಪುಸ್ತಕಗಳನ್ನೂ ಪೋಷಿಸಬೇಕೆಂದು ಅವರು ಹೇಳುತ್ತ ಬಂದರು. ಟೆಲ್ ಅವೀವಿನಲ್ಲಿ 1978ರಲ್ಲಿ ತೆರೆದ ಯಹೂದಿ ಹೊರನಾಡಿನ ವಸ್ತುಸಂಗ್ರಹಾಲಯಕ್ಕೆ ಅವರ ಹೆಸರನ್ನಿಟ್ಟರು. ತಾಯ್ನಾಡಿನ ನಡುವೆ ಹೊರನಾಡಿಗೊಂದು ಮನೆ. ಬದುಕಿನುದ್ದಕ್ಕೂ ಅವರು ವಾದಿಸಿದ್ದು ಅಷ್ಟು ಜಾಗಕ್ಕಾಗಿಯೇ.